ಏರೇ ಇಲ್ಲದ ದಾರಿಯಲ್ಲಿ ಯಾಕೆ ಏದುಸಿರು? ಪಡುಕೆರೆ–ಮಟ್ಟು ದಾರಿಯ ಸೈಕಲ್ ಪಾಠ

"ಫ್ಲ್ಯಾಟ್ ರೋಡ್ ಕಣೋ, ಆರಾಮಾಗಿ ಹೋಗಿ ಬರಬಹುದು." ಕರಾವಳಿಯಲ್ಲಿ ಸೈಕಲ್ ರೈಡ್ ಅಂದ ಕೂಡಲೇ ಎಲ್ಲರೂ ಹೇಳೋ ಮಾತಿದು. ಅರ್ಧ ನಿಜ. ಹೋಗೋದು ಆರಾಮೇ. ಬರೋದು ಹೇಗೆ ಅನ್ನೋದೇ ಈ ಪಾಠದ ವಿಷಯ. ಫಸ್ಟ್ ಇಯರ್ ಫಿಸಿಕ್ಸ್ ಸಾಕು, ಕ್ಯಾಲ್ಕುಲೇಟರ್ ಪಕ್ಕದಲ್ಲಿಟ್ಟುಕೊಳ್ಳಿ.

ದಾರಿ ಯಾವುದು?

ಉಡುಪಿ ಹತ್ತಿರದ ಮಲ್ಪೆ ಬಂದರಿನ ಪಕ್ಕದಲ್ಲಿ ಹೊಳೆ ದಾಟಿದರೆ ಪಡುಕೆರೆ. ಅಲ್ಲಿಂದ ದಕ್ಷಿಣಕ್ಕೆ ಸಮುದ್ರದ ಅಂಚಿನಲ್ಲೇ ರಸ್ತೆ ಸಾಗುತ್ತದೆ: ಪಡುಕೆರೆ, ಮಟ್ಟು, ಕೈಪುಂಜಾಲು, ಕೊನೆಗೆ ಕಾಪು ದೀಪಸ್ತಂಭ. ಒಂದು ಕಡೆಗೆ ಸುಮಾರು 15 ಕಿ.ಮೀ. ಬಲಗಡೆ ಅರಬ್ಬಿ ಸಮುದ್ರ, ಎಡಗಡೆ ತೆಂಗಿನ ತೋಟ, ಅದರಾಚೆ ಉದ್ಯಾವರ ಹೊಳೆ. ಕೆಲವು ಕಡೆ ಎರಡು ನೀರಿನ ಮಧ್ಯೆ ಒಂದು ರಸ್ತೆ, ಒಂದು ಸಾಲು ಮನೆ, ಅಷ್ಟೇ ಜಾಗ. ಮಟ್ಟುಗುಳ್ಳ ಬದನೆ ಗೊತ್ತಲ್ವಾ, 2011ರಲ್ಲಿ ಜಿಐ ಟ್ಯಾಗ್ ಸಿಕ್ಕಿದ್ದು? ಅದು ಇದೇ ಮಟ್ಟು. ಕೊನೆಯಲ್ಲಿರೋ ಕಾಪು ದೀಪಸ್ತಂಭ 1901ರದ್ದು.

ಈ ನೆಲ ಇಷ್ಟು ಚಪ್ಪಟೆ ಯಾಕೆ?

ಯಾಕಂದ್ರೆ ಇದನ್ನು ಕಟ್ಟಿದ್ದು ಅಲೆ. ಘಟ್ಟದಿಂದ ಇಳಿಯುವ ಹೊಳೆಗಳು ಮರಳು ತಂದು ಸಮುದ್ರಕ್ಕೆ ಸುರಿಯುತ್ತವೆ. ಅಲೆಗಳು ದಡಕ್ಕೆ ನೇರವಾಗಿ ಬರೋದಿಲ್ಲ, ಸ್ವಲ್ಪ ಓರೆಯಾಗಿ ಬರುತ್ತವೆ. ಹಾಗಾಗಿ ಮರಳಿನ ಕಣ ಓರೆಯಾಗಿ ಮೇಲೇರುತ್ತದೆ, ವಾಪಸ್ ನೇರವಾಗಿ ಜಾರುತ್ತದೆ. ಪ್ರತಿ ಅಲೆಗೂ ಒಂದೊಂದು ಹೆಜ್ಜೆ ಪಕ್ಕಕ್ಕೆ. ಗರಗಸದ ಹಲ್ಲಿನ ಥರ ಚಿತ್ರ ಬರೆದುಕೊಂಡರೆ ತಕ್ಷಣ ಅರ್ಥ ಆಗುತ್ತದೆ. ಹೀಗೆ ಸಾವಿರಾರು ವರ್ಷ ಮರಳು ದಡದುದ್ದಕ್ಕೂ ನಡೆದು, ಹೊಳೆಯ ಬಾಯಿಗೆ ಅಡ್ಡವಾಗಿ ಉದ್ದನೆಯ ದಿಬ್ಬ ಆಗುತ್ತದೆ. ಹೊಳೆಗೆ ನೇರ ಸಮುದ್ರ ಸೇರಲು ದಾರಿ ಇಲ್ಲ, ದಿಬ್ಬದ ಹಿಂದೆ ದಡಕ್ಕೆ ಸಮಾನಾಂತರವಾಗಿ ಹರಿದು ಮುಂದೆಲ್ಲೋ ಸೇರುತ್ತದೆ. ಉದ್ಯಾವರ ಹೊಳೆ ಉತ್ತರಕ್ಕೆ ತಿರುಗಿ ಮಲ್ಪೆಯ ಹತ್ತಿರ ಸೇರೋದು ಹೀಗೇ.

ಇಂಥ ಮರಳಿನ ಪಟ್ಟಿ ಎರಡೂ ಕಡೆ ಬಿಡಿಸಿಕೊಂಡು ನಿಂತರೆ ತಡೆದ್ವೀಪ, ಒಂದು ತುದಿ ನೆಲಕ್ಕೆ ಅಂಟಿಕೊಂಡಿದ್ದರೆ ಮರಳುಚಾಚು. ನಮ್ಮದು ಎರಡನೆಯ ಜಾತಿ. ಕೆಲಸ ಎರಡರದ್ದೂ ಒಂದೇ: ಸಮುದ್ರದ ಏಟನ್ನು ತಾನು ತಿಂದು ಹಿಂದಿನ ನೆಲ ಕಾಯೋದು. ಅಲೆ, ಗಾಳಿ ಎಷ್ಟು ಎತ್ತರಕ್ಕೆ ಮರಳು ಎತ್ತಬಲ್ಲವೋ ಅಷ್ಟೇ ಇದರ ಎತ್ತರ. ಅದಕ್ಕೇ ಇಡೀ ದಾರಿಯಲ್ಲಿ ಗೇರ್ ಬದಲಿಸುವಂಥ ಏರು ಸಿಗೋದಿಲ್ಲ.

ಹಾಗಾದ್ರೆ ಸುಸ್ತು ಎಲ್ಲಿಂದ?

ಸಮತಟ್ಟು ರಸ್ತೆಯಲ್ಲಿ ಸೈಕಲ್ಲನ್ನು ಹಿಂದಕ್ಕೆ ಎಳೆಯೋದು ಮುಖ್ಯವಾಗಿ ಎರಡೇ: ಟೈರಿನ ಉರುಳು ತಡೆ ಮತ್ತು ಗಾಳಿ ತಡೆ.

ಉರುಳು ತಡೆ = ತೂಕ × ಒಂದು ಸ್ಥಿರಾಂಕ. ಸೈಕಲ್ ಸೇರಿ 80 ಕೆ.ಜಿ., ಸಾಧಾರಣ ಟೈರಿಗೆ ಸ್ಥಿರಾಂಕ 0.006 ಅಂತಿಟ್ಟುಕೊಳ್ಳಿ. 80 × 9.8 × 0.006 = 4.7 ನ್ಯೂಟನ್.

ಗಾಳಿ ತಡೆ = ½ × ಗಾಳಿಯ ಸಾಂದ್ರತೆ × ದೇಹದ ಡ್ರ್ಯಾಗ್ ಅಳತೆ × (ನಮಗೆ ತಾಗುವ ಗಾಳಿಯ ವೇಗ)². ಸಾಂದ್ರತೆ 1.2, ನೆಟ್ಟಗೆ ಕೂತವರ ಡ್ರ್ಯಾಗ್ ಅಳತೆ 0.5 ಚದರ ಮೀಟರ್. ಅಂದ್ರೆ 0.3 × ವೇಗದ ವರ್ಗ.

ಇಲ್ಲೊಂದು ಸೂಕ್ಷ್ಮ ಇದೆ, ಎಕ್ಸಾಮಲ್ಲೂ ಹೆಚ್ಚು ಜನ ಜಾರೋದು ಇಲ್ಲೇ. ವರ್ಗ ಮಾಡಬೇಕಾದ್ದು ಗಾಳಿಗೆ ಹೋಲಿಸಿದ ವೇಗವನ್ನು. ಆದರೆ ಪವರ್ ಬೇಕಾದರೆ ಆ ಬಲವನ್ನು ಗುಣಿಸಬೇಕಾದ್ದು ರಸ್ತೆಗೆ ಹೋಲಿಸಿದ ವೇಗದಿಂದ. ಎರಡು ವೇಗ ಬೇರೆ ಬೇರೆ.

ಗಂಟೆಗೆ 20 ಕಿ.ಮೀ. ವೇಗ, ಅಂದ್ರೆ ಸೆಕೆಂಡಿಗೆ 5.56 ಮೀಟರ್. ಗಂಟೆಗೆ 15 ಕಿ.ಮೀ. ಗಾಳಿ, ಅಂದ್ರೆ 4.17 ಮೀಟರ್. ಲೆಕ್ಕ ಹಾಕೋಣ.

ಗಾಳಿ ಇಲ್ಲದಾಗ: ಗಾಳಿ ತಡೆ 9.3 ನ್ಯೂಟನ್. ಒಟ್ಟು ಪವರ್ ಸುಮಾರು 78 ವ್ಯಾಟ್.
ಬೆನ್ನಿಗೆ ಗಾಳಿ: ತಾಗುವ ವೇಗ 1.39 ಮಾತ್ರ. ಒಟ್ಟು ಸುಮಾರು 29 ವ್ಯಾಟ್.
ಎದುರು ಗಾಳಿ: ತಾಗುವ ವೇಗ 9.72. ಗಾಳಿ ತಡೆ 28.4 ನ್ಯೂಟನ್. ಒಟ್ಟು ಸುಮಾರು 184 ವ್ಯಾಟ್.

ಅದೇ ರಸ್ತೆ, ಅದೇ ಸೈಕಲ್, ಅದೇ ಸ್ಪೀಡ್. ಹೋಗುವಾಗ 29, ಬರುವಾಗ 184. ಆರು ಪಟ್ಟಿಗಿಂತ ಹೆಚ್ಚು! ಎಲೆ, ಸಣ್ಣ ರೆಂಬೆಗಳನ್ನು ಅಲ್ಲಾಡಿಸುವಷ್ಟೇ ಇರೋ ಗಾಳಿಗೇ ಇಷ್ಟು.

ಇದನ್ನೇ ಏರಿನ ಭಾಷೆಗೆ ಬದಲಿಸಿ ನೋಡಿ. ಎದುರು ಗಾಳಿಯಿಂದ ಹೆಚ್ಚಾದ ಬಲ 28.4 − 9.3 = 19.1 ನ್ಯೂಟನ್. ಇದನ್ನು ತೂಕ 784 ನ್ಯೂಟನ್‌ನಿಂದ ಭಾಗಿಸಿದರೆ ಸುಮಾರು 0.024. ಅಂದ್ರೆ 100 ಮೀಟರಿಗೆ 2.4 ಮೀಟರ್ ಏರು. 15 ಕಿ.ಮೀ. ಪೂರ್ತಿ ಹಾಗೇ ಹೋದರೆ ಒಟ್ಟು 360 ಮೀಟರ್ ಬೆಟ್ಟ ಹತ್ತಿದ ಲೆಕ್ಕ. ಬೆಟ್ಟವಾದರೆ ತುದಿಯಲ್ಲಿ ನಿಂತು ಫೋಟೋ ತೆಗೆದು ಇಳಿಯಬಹುದು. ಈ ಬೆಟ್ಟಕ್ಕೆ ಇಳಿಜಾರೇ ಇಲ್ಲ.

"ಹೋಗುವಾಗ ಲಾಭ, ಬರುವಾಗ ನಷ್ಟ, ಲೆಕ್ಕ ಸರಿಹೋಯ್ತಲ್ಲ?"

ಇಲ್ಲ, ಸರಿಹೋಗಲ್ಲ. ಪವರ್ 78 ವ್ಯಾಟಿನಲ್ಲೇ ಇಟ್ಟು ತುಳಿಯಿರಿ. ಬೆನ್ನು ಗಾಳಿಯಲ್ಲಿ ವೇಗ ಗಂಟೆಗೆ ಸುಮಾರು 29.5 ಕಿ.ಮೀ., ಎದುರು ಗಾಳಿಯಲ್ಲಿ 12.6. ಮೊದಲ 15 ಕಿ.ಮೀ.ಗೆ 31 ನಿಮಿಷ, ವಾಪಸ್ ಬರಲು 71 ನಿಮಿಷ. ಒಟ್ಟು 102. ಗಾಳಿಯೇ ಇಲ್ಲದಿದ್ದರೆ 90 ಸಾಕಿತ್ತು. ಕಾರಣ ಸಿಂಪಲ್: ಗಾಳಿ ಸಹಾಯ ಮಾಡುವ ಸಮಯ ಕಡಿಮೆ, ಅಡ್ಡಿ ಮಾಡುವ ಸಮಯ ಹೆಚ್ಚು.

ಅಪಾಯ ಇರೋದೂ ಇಲ್ಲೇ. ಬೆನ್ನಿಗೆ ಗಾಳಿ ಇದ್ದಾಗ ಅದು ನಮಗೆ ಗೊತ್ತೇ ಆಗಲ್ಲ. "ಇವತ್ತು ನಾನು ಭಾರೀ ಫಾರ್ಮಲ್ಲಿದ್ದೀನಿ" ಅನಿಸುತ್ತದೆ. ಅರ್ಧ ಗಂಟೆಗೆ ಕಾಪು ಬಂತಲ್ಲ ಅಂತ ನೀರು ಖಾಲಿ ಮಾಡಿ, ಸಂಜೆವರೆಗೆ ಬೀಚಲ್ಲಿ ಕೂತು, ಆಮೇಲೆ ಹೊರಟರೆ ಬಾಕಿ 71 ನಿಮಿಷ ಕತ್ತಲಲ್ಲಿ, ಲೈಟಿಲ್ಲದ ಸೈಕಲ್ಲಲ್ಲಿ.

ಗಾಳಿಗೂ ಟೈಮ್‌ಟೇಬಲ್ ಇದೆ

ಒಳ್ಳೆಯ ಸುದ್ದಿ ಏನಂದ್ರೆ ಕಡಲಗಾಳಿ ಹೇಳಿ ಕೇಳಿ ಬರುತ್ತದೆ. ನೀರಿನ ವಿಶಿಷ್ಟ ಉಷ್ಣ ಮರಳಿನದಕ್ಕಿಂತ ಸುಮಾರು ಐದು ಪಟ್ಟು ಹೆಚ್ಚು. ಬಿಸಿಲಿಗೆ ನೆಲ ಬೇಗ ಕಾಯುತ್ತದೆ, ಅದರ ಮೇಲಿನ ಗಾಳಿ ಏರುತ್ತದೆ, ಆ ಜಾಗಕ್ಕೆ ಸಮುದ್ರದ ತಂಪು ಗಾಳಿ ನುಗ್ಗುತ್ತದೆ. ಬೆಳಗ್ಗೆ ತಡವಾಗಿ ಶುರುವಾಗಿ ಮಧ್ಯಾಹ್ನದ ಮೇಲೆ ಜೋರಾಗುತ್ತದೆ. ರಾತ್ರಿ ಉಲ್ಟಾ, ನೆಲದಿಂದ ಸಮುದ್ರಕ್ಕೆ ಮೆಲ್ಲಗೆ ಬೀಸುತ್ತದೆ. ನಮ್ಮ ಕರಾವಳಿಯಲ್ಲಿ ಬೇಸಿಗೆ ಮಧ್ಯಾಹ್ನದ ಗಾಳಿ ಹೆಚ್ಚಾಗಿ ವಾಯವ್ಯದಿಂದ ಬರುತ್ತದೆ. ಮಲ್ಪೆಯಿಂದ ಕಾಪುಗೆ ಬೆನ್ನಿಗೆ, ಕಾಪುವಿನಿಂದ ಮಲ್ಪೆಗೆ ಎದುರಿಗೆ.

ಹಾಗಾಗಿ ಮಾಡಬೇಕಾದ್ದು ಇಷ್ಟು:

1. ಬೆಳಗ್ಗೆ ಆರಕ್ಕೆ ಹೊರಟು ಒಂಬತ್ತೂವರೆಯೊಳಗೆ ಮುಗಿಸಿ. ಗಾಳಿ ಏಳುವ ಮೊದಲು ಗೋಳಿಬಜೆ ಪ್ಲೇಟ್ ಮುಂದೆ ಕೂತಿರಬೇಕು.
2. ಮಧ್ಯಾಹ್ನವೇ ಹೋಗಬೇಕಿದ್ದರೆ ಕಾಪುವಿನಿಂದ ಶುರು ಮಾಡಿ. ಮೊದಲು ಕಷ್ಟ, ಆಮೇಲೆ ಸುಖ.
3. ಎದುರು ಗಾಳಿಯಲ್ಲಿ ಮೊಣಕೈ ಮಡಚಿ ಬಗ್ಗಿ. ಡ್ರ್ಯಾಗ್ ಅಳತೆ 0.5ರಿಂದ 0.4ಕ್ಕೆ ಇಳಿದರೂ 20ರ ವೇಗದಲ್ಲಿ 30 ವ್ಯಾಟ್ ಉಳಿತಾಯ. ಸಾವಿರಾರು ರೂಪಾಯಿಯ ಪಾರ್ಟ್ ಹಾಕಿದರೂ ಇಷ್ಟು ಸಿಗಲ್ಲ.
4. ಒಬ್ಬರ ಹಿಂದೆ ಒಬ್ಬರು ಹೋಗಿ, ಮುಂದಿನವರು ಸುಸ್ತಾದಾಗ ಬದಲಾಗಿ. ಹಿಂದಿನವರಿಗೆ ಗಾಳಿ ತಡೆ ಮೂರನೇ ಒಂದು ಭಾಗದವರೆಗೂ ಕಡಿಮೆಯಾಗಬಹುದು.
5. ಡಾಂಬರಿನ ಮೇಲೆ ಹಾರಿ ಬಿದ್ದ ಮರಳು ಕಂಡರೆ ಹ್ಯಾಂಡಲ್ ತಿರುಗಿಸಬೇಡಿ, ಮುಂದಿನ ಬ್ರೇಕ್ ಹಿಡಿಯಬೇಡಿ. ನೇರವಾಗಿ ದಾಟಿ.
6. ಮನೆಗೆ ಬಂದ ದಿನವೇ ಸೈಕಲ್ಲನ್ನು ಸಿಹಿನೀರಿನಲ್ಲಿ ತೊಳೆದು, ಒರೆಸಿ, ಚೈನಿಗೆ ಎಣ್ಣೆ ಹಾಕಿ. ಉಪ್ಪು ತುಕ್ಕು ತರುತ್ತದೆ. ಎಣ್ಣೆಗೆ ಅಂಟಿದ ಮರಳು ಅರದ ಹಾಗೆ ಚೈನನ್ನು ಸವೆಸುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ದಾರಿಯ ರೈಡ್ ಬೇಡವೇ ಬೇಡ. ಮಳೆಗಾಲದ ಸಮುದ್ರ ಬೇರೆಯೇ ಪ್ರಾಣಿ.

ರಸ್ತೆ ಒಂದು ಕಡೆ ನಿಲ್ಲುತ್ತಾ?

ಅಲೆ ಕಟ್ಟಿದ್ದನ್ನು ಅಲೆಯೇ ಒಯ್ಯಬಹುದು. ಮರಳಿನ ಪಟ್ಟಿ ಅಂದ್ರೆ ಬಂದ ಮರಳು ಮೈನಸ್ ಹೋದ ಮರಳು, ನಮ್ಮ ಬ್ಯಾಂಕ್ ಬ್ಯಾಲೆನ್ಸ್ ಥರ. ಎಲ್ಲೋ ಒಂದು ಕಡೆ ಸಮುದ್ರಕ್ಕೆ ಕಲ್ಲಿನ ಗೋಡೆ ಚಾಚಿದರೆ ಮರಳಿನ ನಡಿಗೆ ಅಲ್ಲಿ ನಿಲ್ಲುತ್ತದೆ. ಒಂದು ಪಕ್ಕ ಮರಳು ತುಂಬುತ್ತದೆ, ಇನ್ನೊಂದು ಪಕ್ಕ ಬರಬೇಕಾದ ಮರಳು ಬರದೆ ದಡ ಸವೆಯುತ್ತದೆ. ಕಡಲ್ಕೊರೆತ ಅಂತ ಪ್ರತಿ ಮಳೆಗಾಲ ಪೇಪರಲ್ಲಿ ಓದ್ತೀವಲ್ಲ, ಅದರ ಒಂದು ಕಾರಣ ಇದು. ದಡಕ್ಕೆ ಬಂಡೆಕಲ್ಲು ಸುರಿದರೆ ಹಿಂದಿನ ಮನೆ ಸದ್ಯಕ್ಕೆ ಉಳಿಯಬಹುದು, ಆದರೆ ಮುಂದಿನ ಮರಳು ಕಡಿಮೆಯಾಗಿ, ಕಲ್ಲು ಮುಗಿಯುವ ಜಾಗದಲ್ಲಿ ಕೊರೆತ ಹೆಚ್ಚಾಗಬಹುದು.

ಅಮೆರಿಕದ ಉತ್ತರ ಕೆರೊಲಿನಾದ ಹ್ಯಾಟರಸ್ ದ್ವೀಪ ನಿಜವಾದ ತಡೆದ್ವೀಪ. ಅಲ್ಲೂ ಇಂಥದ್ದೇ ಚಪ್ಪಟೆ ರಸ್ತೆ, ಅಲ್ಲೂ ಸೈಕಲ್ಲಿನವರಿಗೆ ಗಾಳಿಯದ್ದೇ ಕಾಟ. 1870ರಲ್ಲಿ ಕಟ್ಟಿದ ಅಲ್ಲಿನ ಇಟ್ಟಿಗೆ ದೀಪಸ್ತಂಭದ ಬುಡಕ್ಕೇ ಸಮುದ್ರ ಬಂದಾಗ, 1999ರಲ್ಲಿ ಅದನ್ನು ಇಡಿಯಾಗಿ ಎತ್ತಿ ಹಳಿಗಳ ಮೇಲೆ ಸುಮಾರು 880 ಮೀಟರ್ ದೂರಕ್ಕೆ ಸರಿಸಿದರು. 2022ರಲ್ಲಿ, ಮತ್ತೆ ಮತ್ತೆ ಕೊಚ್ಚಿಹೋಗುತ್ತಿದ್ದ ರಸ್ತೆಯ ಒಂದು ಭಾಗವನ್ನೇ ಬಿಟ್ಟು, ಹಿಂದಿನ ಹಿನ್ನೀರಿನ ಮೇಲೆ ಸುಮಾರು 4 ಕಿ.ಮೀ. ಉದ್ದದ ಸೇತುವೆ ತೆರೆದರು. ಎಂಜಿನಿಯರಿಂಗ್ ಅಂದ್ರೆ ತಡೆದು ನಿಲ್ಲೋದು ಮಾತ್ರ ಅಲ್ಲ, ಕೆಲವು ಸಲ ಹಿಂದೆ ಸರಿಯೋದೂ ಹೌದು.

ಆದರೆ ದೀಪಸ್ತಂಭ ಸರಿಸಿದಷ್ಟು ಸುಲಭವಾಗಿ ಊರು ಸರಿಸಲು ಆಗಲ್ಲ. ಪಡುಕೆರೆಯ ಮನೆಗಳ ಹಿಂದೆ ಹೊಳೆ ಇದೆ, ಹಿಂದೆ ಸರಿಯೋದು ಎಲ್ಲಿಗೆ? ನಮಗೆ ಇದು ಭಾನುವಾರದ ಸೀನರಿ, ಅಲ್ಲಿನವರಿಗೆ ಶಾಲೆಗೆ, ಆಸ್ಪತ್ರೆಗೆ, ಮೀನು ಮಾರಲು ಹೋಗುವ ದಾರಿ. ಅದಕ್ಕೇ ರಸ್ತೆ ಬದಿ ಬಲೆ ಹರಡಿದ್ದರೆ ಇಳಿದು ತಳ್ಳಿಕೊಂಡು ಹೋಗಿ. ಕೈರಂಪಣಿ ಎಳೆಯುವಾಗ ಹಗ್ಗ ದಾಟಬೇಡಿ. ಮೂರು ಜನ ಅಕ್ಕಪಕ್ಕ ಸಾಲಾಗಿ ಹೋಗಬೇಡಿ. ಸಿವಿಲ್‌ನವರಿದ್ದರೆ ಒಂದು ನಿಮಿಷ ನಿಂತು ಕಲ್ಲಿನ ಗೋಡೆ ಎಲ್ಲಿ ಮುಗಿಯುತ್ತೆ, ಅದರಾಚೆ ದಡ ಹೇಗಿದೆ ನೋಡಿ. ಮುಂದೆ ಇಂಥದ್ದಕ್ಕೆ ಉತ್ತರ ಹುಡುಕಬೇಕಾದವರು ನಮ್ಮಲ್ಲೇ ಯಾರೋ.

ಮನೆಗೆಲಸ

ಗಾಳಿ ಎದುರೂ ಅಲ್ಲ, ಹಿಂದೂ ಅಲ್ಲ, ಸರಿಯಾಗಿ ಪಕ್ಕದಿಂದ ಗಂಟೆಗೆ 15 ಕಿ.ಮೀ. ಬೀಸುತ್ತಿದೆ. 20ರ ವೇಗದಲ್ಲಿ ಗಾಳಿ ತಡೆ ಹೆಚ್ಚುತ್ತದೆಯೋ ಇಲ್ಲವೋ? ಡ್ರ್ಯಾಗ್ ಅಳತೆ ಬದಲಾಗಲ್ಲ ಅಂತಿಟ್ಟುಕೊಳ್ಳಿ.

ಸುಳಿವು: ತಾಗುವ ಗಾಳಿಯ ವೇಗಕ್ಕೆ ಪೈಥಾಗೊರಸ್, ಆಮೇಲೆ ಬಲದ ಮುಂದಿನ ಘಟಕ ಮಾತ್ರ ತೆಗೆದುಕೊಳ್ಳಿ. ಉತ್ತರ 11.6 ನ್ಯೂಟನ್ ಬರಬೇಕು, ಗಾಳಿ ಇಲ್ಲದಾಗಿನ 9.3ಕ್ಕಿಂತ ಕಾಲು ಭಾಗ ಹೆಚ್ಚು. ಪಕ್ಕದ ಗಾಳಿಯೂ ಬಿಟ್ಟಿ ಅಲ್ಲ!