ಹತ್ತಿರದಿಂದ ಹುಡುಕು, ಕೂಸೆ

ಕೂಸೆ, ಹಳೇ ಕಂಪ್ಯೂಟರ್ ತಂದು ಅದಕ್ಕೆ ಲಿನಕ್ಸ್ ಹಾಕಿಕೊಂಡಿದ್ದೀಯ ಅಂತ ನಿಮ್ಮಪ್ಪ ಹೇಳಿದ. ಕೇಳಿ ಸಂತೋಷವಾಯಿತು. ಎರಡು ದಿನದಿಂದ ನೆಟ್ ಬರ್ತಿಲ್ಲ, ಎಲ್ಲಾ ಅಳಿಸಿ ಮೊದಲಿಂದ ಹಾಕ್ತೀನಿ ಅಂತ ಕೂತಿದ್ದೀಯ ಅಂತಲೂ ಹೇಳಿದ. ಅದಕ್ಕೇ ಕುದೇರಿನಿಂದ ಈ ಕಾಗದ. ಅಳಿಸಬೇಡ, ಮೊದಲು ಇದನ್ನು ಓದು.

ನಮ್ಮ ಮನೆಯಲ್ಲೂ ಹೀಗೇ ಆಗಿತ್ತು. ರೌಟರಿನ ದೀಪಗಳು ಉರಿಯುತ್ತಿದ್ದವು, ಕಂಪ್ಯೂಟರಿನಲ್ಲಿ ಮಾತ್ರ ಒಂದು ಪುಟವೂ ತೆರೆಯುತ್ತಿರಲಿಲ್ಲ. ಗೊತ್ತಿದ್ದ ಹುಡುಗನೊಬ್ಬ ಬಂದು ನೋಡಿ, "ಸಿಸ್ಟಮ್ ಕೆಟ್ಟಿದೆ ದೊಡ್ಡಪ್ಪ, ಫಾರ್ಮ್ಯಾಟ್ ಮಾಡಬೇಕು" ಅಂದ. ನಾನು ಹೂಂ ಅಂದೆ. ಫಾರ್ಮ್ಯಾಟ್ ಆಯಿತು, ನೆಟ್ ಬರಲಿಲ್ಲ. ಮಾರನೆಯ ದಿನ ಮೇಜಿನ ಹಿಂದೆ ಕೈ ಹಾಕಿದರೆ ಲ್ಯಾನ್ ವೈರು ಸಡಿಲವಾಗಿ ಅಲ್ಲಾಡುತ್ತಿತ್ತು. ಅದರ ಮೂತಿಯಲ್ಲಿ ಪುಟ್ಟದೊಂದು ಪ್ಲಾಸ್ಟಿಕ್ ನಾಲಗೆ ಇರುತ್ತದಲ್ಲ, ಒಳಗೆ ತಳ್ಳಿದಾಗ ಟಿಕ್ ಅಂತ ಕೂರುವುದು, ಅದು ಮುರಿದಿತ್ತು. ಗುಡಿಸುವಾಗ ಪೊರಕೆ ತಾಗಿ ವೈರು ಅರ್ಧ ಹೊರಗೆ ಬಂದಿತ್ತು. ಬೇರೆ ವೈರು ಹಾಕಿದ ಕೂಡಲೇ ನೆಟ್ ಬಂತು. ಆದರೆ ಅಳಿಸಿದ ಆ ಡಿಸ್ಕಿನಲ್ಲಿ ನಮ್ಮವ್ವ ಹಾಡಿದ ಮಾದಪ್ಪನ ಪದಗಳಿದ್ದವು. ಅವಳನ್ನು ಜಗಲಿ ಮೇಲೆ ಕೂರಿಸಿಕೊಂಡು ನಾನೇ ರೆಕಾರ್ಡ್ ಮಾಡಿದ್ದು. ಇನ್ನೊಂದು ಕಡೆ ಇಟ್ಟಿರಲಿಲ್ಲ. ಹುಡುಗನನ್ನು ನಾನು ಬಯ್ಯಲಿಲ್ಲ, ಹೂಂ ಅಂದವನು ನಾನೇ.

ನಾನು ಹಾಲಿನ ಸಂಘದಲ್ಲಿ ಲೆಕ್ಕ ಬರೆದವನು. ನಮ್ಮ ಹಾಲು ಮನೆಯಿಂದ ಸಂಘಕ್ಕೆ, ಸಂಘದಿಂದ ಇಲ್ಲೇ ಕುದೇರಿನ ಚಾಮುಲ್ ಡೈರಿಗೆ ಹೋಗುತ್ತದೆ. ಒಂದು ದಿನ ಹಾಲು ಡೈರಿಗೆ ಸೇರಲಿಲ್ಲ ಅಂದರೆ ಯಾರಾದರೂ ಹಸು ಮಾರಿಬಿಡುತ್ತಾರಾ? ಮನೆಯಲ್ಲಿ ಕರೆದರಾ, ಸಂಘದಲ್ಲಿ ಅಳೆದರಾ, ಕ್ಯಾನು ಗಾಡಿಗೆ ಏರಿತಾ ಅಂತ ಒಂದೊಂದೇ ಕೇಳುತ್ತ ಹೋಗುತ್ತೇವೆ. ನೆಟ್ಟೂ ಹಾಗೇ ದಾರಿ ಹಿಡಿದು ಬರುವಂಥದ್ದು. ಕಂಪ್ಯೂಟರ್, ವೈರು, ರೌಟರ್, ಆಚೆಯ ಫೈಬರ್. ಹತ್ತಿರದಿಂದ ಶುರು ಮಾಡು.

ಟರ್ಮಿನಲ್ ತೆರೆದು 'ಐಪಿ ಲಿಂಕ್' ಅಂತ ಕೊಡು. ಲ್ಯಾನಿನ ಸಾಲಿನಲ್ಲಿ 'ನೋ-ಕ್ಯಾರಿಯರ್' ಅಂತ ಬಂದರೆ ವೈರಿನಲ್ಲಿ ಯಾವ ಸಂಕೇತವೂ ಬರುತ್ತಿಲ್ಲ ಅಂತ ಅರ್ಥ. ಅವತ್ತು ಈ ಒಂದು ಪದ ಓದುವುದು ನನಗೆ ಗೊತ್ತಿದ್ದಿದ್ದರೆ ಅವ್ವನ ದನಿ ಇವತ್ತೂ ಮನೆಯಲ್ಲಿರುತ್ತಿತ್ತು.

ವೈರು ಸರಿಯಿದ್ದರೆ 'ಐಪಿ ಅಡ್ರ್' ನೋಡು. ಮನೆಯ ರೌಟರುಗಳು ಸಾಮಾನ್ಯವಾಗಿ 192.168 ಅಂತ ಶುರುವಾಗುವ ವಿಳಾಸ ಕೊಡುತ್ತವೆ. ಅದರ ಬದಲು 169.254 ಕಂಡರೆ, ವಿಳಾಸ ಕೇಳಿದರೂ ರೌಟರಿನಿಂದ ಉತ್ತರ ಬರಲಿಲ್ಲ, ಕಂಪ್ಯೂಟರ್ ತಾನೇ ಒಂದು ನಂಬರ್ ಇಟ್ಟುಕೊಂಡಿದೆ ಅಂತ ತಿಳಿ. ಆಮೇಲೆ 'ಐಪಿ ರೂಟ್' ಕೊಟ್ಟರೆ 'ಡೀಫಾಲ್ಟ್ ವಯಾ' ಮುಂದೆ ರೌಟರಿನ ನಂಬರ್ ಬರುತ್ತದೆ. ಅದಕ್ಕೆ ಪಿಂಗ್ ಮಾಡು. ಈ ಪಿಂಗ್ ಅನ್ನು 1983ರಲ್ಲಿ ಅಮೆರಿಕದ ಮೈಕ್ ಮುಸ್ ಬರೆದ. ನೀರಿನೊಳಗೆ ಸದ್ದು ಬಿಟ್ಟು ಮರುದನಿ ಕೇಳುವ ಸೋನಾರಿನ ಹೆಸರನ್ನೇ ಅದಕ್ಕಿಟ್ಟ. ಕೂಗಿದರೆ ಆ ಕಡೆಯವರು ಓಗೊಡುತ್ತಾರಾ ಅಂತ ನೋಡುವುದು, ಅಷ್ಟೇ. ರೌಟರ್ ಓಗೊಟ್ಟರೆ, ಆಚೆ ನೆಟ್ಟಿನಲ್ಲಿರುವ 8.8.8.8ಕ್ಕೆ ಪಿಂಗ್ ಮಾಡು. ಅದೂ ಓಗೊಟ್ಟು, ವೆಬ್‌ಸೈಟಿನ ಹೆಸರು ಕೊಟ್ಟಾಗ ಮಾತ್ರ ಪುಟ ಬರದಿದ್ದರೆ, ಹೆಸರಿಗೆ ನಂಬರ್ ಹುಡುಕಿಕೊಡುವ ಡಿಎನ್‌ಎಸ್‌ನಲ್ಲಿ ತೊಂದರೆ. ಸೆಟ್ಟಿಂಗಿನಲ್ಲಿ ಡಿಎನ್‌ಎಸ್ ಜಾಗಕ್ಕೆ 1.1.1.1 ಅಂತ ಬರೆದು ನೋಡು.

ರೌಟರ್ ಓಗೊಟ್ಟು 8.8.8.8 ಓಗೊಡದಿದ್ದರೆ ಫೈಬರ್ ಬಂದು ಸೇರುವ ಪೆಟ್ಟಿಗೆ ಮೇಲಿನ ಎಲ್‌ಒಎಸ್ ದೀಪ ನೋಡು. ಕೆಂಪಗಿದ್ದರೆ ಫೈಬರಿನಲ್ಲಿ ಬೆಳಕು ಬರುತ್ತಿಲ್ಲ. ಅಲ್ಲಿಗೆ ನಿನ್ನ ಕೆಲಸ ಮುಗಿಯಿತು, ಲೈನಿನವರಿಗೆ ಫೋನ್ ಮಾಡು. ಆ ಫೈಬರ್ ವೈರಿನೊಳಗಿರುವುದು ಗಾಜಿನ ಎಳೆ, ಮಡಚಬೇಡ. ಅದನ್ನು ಬಿಚ್ಚಿ ತುದಿಯಲ್ಲಿ ಇಣುಕಲೂ ಬೇಡ. ಕಣ್ಣಿಗೆ ಕಾಣದ ಲೇಸರ್ ಅದರಲ್ಲಿ ಬರುತ್ತದೆ.

ರೌಟರ್ ಆಫ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಆನ್ ಮಾಡು, ತಪ್ಪಿಲ್ಲ. ಆದರೆ ಅದರ ಹಿಂದೆ ಸೂಜಿ ತೂರುವಷ್ಟು ತೂತಿನಲ್ಲಿ ರೀಸೆಟ್ ಗುಂಡಿ ಇರುತ್ತದೆ. ಅದನ್ನು ಒತ್ತಿ ಹಿಡಿದರೆ ಲೈನಿನವರು ಹಾಕಿಕೊಟ್ಟ ಯೂಸರ್‌ನೇಮ್, ಪಾಸ್‌ವರ್ಡ್ ಎಲ್ಲ ಹೋಗಿ, ಇದ್ದ ನೆಟ್ಟೂ ಇಲ್ಲವಾಗಬಹುದು. ಕೈ ಇಡಬೇಡ. ಹೊಸದಾಗಿ ಹಾಕಿದ ಲಿನಕ್ಸಿನಲ್ಲಿ ವೈಫೈ ಕಾಣುವುದೇ ಇಲ್ಲ ಅಂದರೆ ಡ್ರೈವರ್ ಇಲ್ಲದಿರಬಹುದು. ಫೋನನ್ನು ಯುಎಸ್‌ಬಿ ವೈರಿನಲ್ಲಿ ಸಿಕ್ಕಿಸಿ ಟೆಥರಿಂಗ್ ಹಾಕಿ, ಆ ನೆಟ್ಟಿನಲ್ಲೇ ಡ್ರೈವರ್ ಇಳಿಸಿಕೊ.

ಒಂದು ಸಲಕ್ಕೆ ಒಂದನ್ನೇ ಬದಲಾಯಿಸು. ಏನು ಬದಲಾಯಿಸಿದೆ, ಏನಾಯಿತು ಅಂತ ನೋಟ್‌ಬುಕ್ಕಿನಲ್ಲಿ ಬರೆದುಕೊ. ಎರಡು ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದಿಲ್ಲ, ಮುಂದಿನ ಸಲ ಮತ್ತೆ ಎರಡು ದಿನ ಹೋಗುತ್ತದೆ.

ಇದೆಲ್ಲ ಮಾಡುವ ಮೊದಲು ಒಂದು ಕೆಲಸ ಇದೆ. ನಿಮ್ಮಜ್ಜಿ ಹಾಡಿದ್ದು, ಮಾತಾಡಿದ್ದು, ಏನಾದರೂ ಆ ಕಂಪ್ಯೂಟರಿನಲ್ಲಿದ್ದರೆ ಇವತ್ತೇ ಪೆನ್‌ಡ್ರೈವಿಗೆ ಹಾಕಿ ಬೇರೆ ಕಡೆ ಎತ್ತಿಡು. ನಾಳೆ ಬಸ್ಸಿಗೆ ಬಂದು ನಾನೇ ಮೇಜಿನ ಹಿಂದೆ ನೋಡುತ್ತೇನೆ. ಅಲ್ಲೀವರೆಗೆ ಫಾರ್ಮ್ಯಾಟ್ ಮಾಡಬೇಡ ಕೂಸೆ.