ಮಾತ್ರೆ ಯಾವುದಕ್ಕೆ ಅಂತ ಮೊದಲು ಕೇಳಿ

ಮೆಡಿಕಲ್ ಸ್ಟೋರಿನ ಕೌಂಟರಿನ ಹಿಂದೆ ನಿಂತೇ ತಲೆ ನರೆತವನು ನಾನು. ಡಾಕ್ಟರಲ್ಲ. ಅವರು ಬರೆದ ಚೀಟಿ ಓದಿ ಔಷಧಿ ಕೊಡುವುದಷ್ಟೇ ನನ್ನ ಕಸುಬು. ಆದರೆ ಡಾಕ್ಟರ ಮುಂದೆ ಬಾಯಿಗೆ ಬಾರದ ಪ್ರಶ್ನೆಗಳನ್ನು ಜನ ನಮ್ಮ ಹತ್ತಿರ ಕೇಳುತ್ತಾರೆ. ಆಟಿಸಂ ಇರುವ ಮಕ್ಕಳ ತಾಯಂದಿರು ಪಕ್ಕದ ಗಿರಾಕಿ ಹೋಗುವ ತನಕ ಕಾದು, ದನಿ ತಗ್ಗಿಸಿ ಕೇಳುವುದು ಇದನ್ನೇ: "ಅಣ್ಣಾ, ಇದು ಹುಚ್ಚಿಗೆ ಕೊಡೋ ಮಾತ್ರೆಯಂತೆ, ಹೌದಾ?"

ಅಂಥ ಅಪ್ಪ ಅಮ್ಮಂದಿರಿಗಾಗಿ ಈ ನಾಲ್ಕು ಮಾತು. ಇಬ್ಬರೂ ಕೂತು ಓದಿ.

ಚೀಟಿಯಲ್ಲಿರುವುದು ಬಹುಮಟ್ಟಿಗೆ ರಿಸ್ಪೆರಿಡೋನ್, ಇಲ್ಲವೇ ಅರಿಪಿಪ್ರಜೋಲ್. ಎರಡೂ ಮೊದಲು ಸ್ಕಿಜೋಫ್ರೇನಿಯಾಕ್ಕೆಂದು ಬಂದ ಔಷಧಿಗಳು ಎನ್ನುವುದು ನಿಜ. ಆದರೆ ಆಮೇಲೆ ಅವನ್ನು ಆಟಿಸಂ ಇರುವ ಮಕ್ಕಳಲ್ಲೇ ಪರೀಕ್ಷಿಸಿ ನೋಡಿದ್ದಾರೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2006ರಲ್ಲಿ ರಿಸ್ಪೆರಿಡೋನನ್ನು 5ರಿಂದ 16 ವರ್ಷದವರಿಗೆ, 2009ರಲ್ಲಿ ಅರಿಪಿಪ್ರಜೋಲನ್ನು 6ರಿಂದ 17 ವರ್ಷದವರಿಗೆ ಕೊಡಬಹುದು ಎಂದಿತು. ಈ ಒಪ್ಪಿಗೆ ಆಟಿಸಂಗಲ್ಲ, ಅದರ ಜೊತೆ ಕೆಲವು ಮಕ್ಕಳಲ್ಲಿ ಕಾಣುವ ವಿಪರೀತ ಸಿಡುಕಿಗೆ ಅನ್ನುವುದನ್ನು ಗಮನಿಸಿ. ಅಂದರೆ ಹೊಡೆಯುವುದು, ಕಚ್ಚುವುದು, ಗೋಡೆಗೆ ತಲೆ ಚಚ್ಚಿಕೊಳ್ಳುವುದು, ಸಮಾಧಾನವೇ ಆಗದ ರಂಪ. ಮಾತು ಬರಿಸುವ ಮಾತ್ರೆ ಇಲ್ಲ. ಬೇರೆ ಮಕ್ಕಳ ಜೊತೆ ಬೆರೆಸುವ ಮಾತ್ರೆಯೂ ಇಲ್ಲ. ಇದೆ ಎಂದು ಯಾರಾದರೂ ಮಾರಿದರೆ ಕೊಳ್ಳಬೇಡಿ.

ಆದ್ದರಿಂದ ಮಾತ್ರೆ ಶುರುಮಾಡುವ ಮುಂಚೆ ಡಾಕ್ಟರಿಗೆ ಕೇಳಿ: ಇದು ಯಾವ ತೊಂದರೆಗೆ? "ಹಠ ಜಾಸ್ತಿ" ಅಂದರೆ ಸಾಲದು. "ವಾರಕ್ಕೆ ನಾಲ್ಕೈದು ಸಲ ತನ್ನ ಕೈ ತಾನೇ ಕಚ್ಚಿಕೊಳ್ಳುತ್ತಾನೆ, ರಕ್ತ ಬರುತ್ತದೆ" ಅನ್ನಿ. ಹಾಗೆ ಹೇಳಿದರೆ ತಿಂಗಳ ಮೇಲೆ ಕಡಿಮೆಯಾಯಿತೋ ಇಲ್ಲವೋ ಗೊತ್ತಾಗುತ್ತದೆ.

ಅದಕ್ಕೂ ಮೊದಲು ಮಗುವಿನ ಮೈ ನೋಡಿಸಿ. ಮಾತು ಬಾರದ ಮಗು ಹಲ್ಲುನೋವನ್ನು ಹೇಗೆ ಹೇಳೀತು? ಕೆನ್ನೆಗೆ ಬಡಿದುಕೊಳ್ಳುತ್ತದೆ. ಕಿವಿಯೊಳಗೆ ಕೀವಾಗಿದ್ದರೆ ತಲೆ ಚಚ್ಚಿಕೊಳ್ಳುತ್ತದೆ. ನಾಲ್ಕು ದಿನದಿಂದ ಹೊಟ್ಟೆ ಕಟ್ಟಿದ್ದರೆ ಹತ್ತಿರ ಬಂದವರನ್ನೆಲ್ಲ ತಳ್ಳುತ್ತದೆ. ದೊಡ್ಡವಳಾದ ಹುಡುಗಿ ತಿಂಗಳಲ್ಲಿ ಎರಡು ಮೂರು ದಿನ ಮಾತ್ರ ರೇಗುತ್ತಿದ್ದರೆ ಮುಟ್ಟಿನ ನೋವೇ ಎಂದು ವಿಚಾರಿಸಿ. ನಿದ್ದೆ ಕೆಟ್ಟಿದೆಯಾ, ಶಾಲೆಯಲ್ಲಿ ಟೀಚರ್ ಬದಲಾದರಾ, ಮಿಕ್ಸಿ ಸದ್ದಿಗೆ, ಕುಕ್ಕರ್ ಸೀಟಿಗೆ ಹೆದರುತ್ತಿದೆಯಾ ಎಂದೂ ನೋಡಿ. ಆಟಿಸಂ ಇರುವ ಮಕ್ಕಳಲ್ಲಿ ಫಿಟ್ಸ್ ಉಳಿದವರಿಗಿಂತ ಹೆಚ್ಚು. ಮಗು ನಡುನಡುವೆ ಶೂನ್ಯ ನೋಡುತ್ತಾ ನಿಂತುಬಿಡುತ್ತಿದ್ದರೆ ಅದನ್ನೂ ಹೇಳಿ. ಕಾರಣ ಹಲ್ಲಿನಲ್ಲಿದ್ದರೆ ಮದ್ದೂ ಹಲ್ಲಿಗೇ ಆಗಬೇಕು.

ಇಷ್ಟೆಲ್ಲ ನೋಡಿಯೂ ಮಗು ತನಗೋ ಇನ್ನೊಬ್ಬರಿಗೋ ಗಾಯ ಮಾಡುತ್ತಿದ್ದರೆ, ಮಾತ್ರೆ ಕೊಡಲು ಅಳುಕಬೇಡಿ. ಅಮೆರಿಕದಲ್ಲಿ 101 ಮಕ್ಕಳ ಮೇಲೆ ನಡೆದ, 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎಂಟು ವಾರ ರಿಸ್ಪೆರಿಡೋನ್ ತೆಗೆದುಕೊಂಡವರಲ್ಲಿ ಶೇ 69ರಷ್ಟು ಮಕ್ಕಳು ಸುಧಾರಿಸಿದರು. ಔಷಧಿಯಿಲ್ಲದ ಬರೀ ಮಾತ್ರೆ ನುಂಗಿದವರಲ್ಲಿ ಶೇ 12. ಇದು ಸಣ್ಣ ಗುಣವಲ್ಲ. ಅದೇ ಎಂಟು ವಾರದಲ್ಲಿ ಔಷಧಿ ತೆಗೆದುಕೊಂಡ ಮಕ್ಕಳ ತೂಕ ಸರಾಸರಿ 2.7 ಕೆ.ಜಿ. ಏರಿತು, ಉಳಿದವರದು 0.8. ಗುಣ ಮತ್ತು ಬೆಲೆ ಎರಡೂ ಕೂಡಿಯೇ ಬರುತ್ತವೆ.

ಇನ್ನು ಕೊಡುವ ರೀತಿ. ನನಗೆ ಹೆಚ್ಚು ಭಯ ಇದರದೇ. ಸಿರಪ್ಪಿನ ಜೊತೆ ಗೆರೆ ಹಾಕಿದ ಡ್ರಾಪರ್ ಬರುತ್ತದೆ. ಸಾಮಾನ್ಯವಾಗಿ ಒಂದು ಎಂ.ಎಲ್.ನಲ್ಲಿ ಒಂದು ಮಿಲಿಗ್ರಾಂ ರಿಸ್ಪೆರಿಡೋನ್ ಇರುತ್ತದೆ. ಡಾಕ್ಟರ್ 0.5 ಎಂ.ಎಲ್. ಬರೆದಿದ್ದರೆ ಡ್ರಾಪರಿನಲ್ಲಿ 0.5 ಗೆರೆಯ ತನಕ. ಚುಕ್ಕಿ ಕಾಣದೆ ಟೀ ಚಮಚದಲ್ಲಿ 5 ಎಂ.ಎಲ್. ಕುಡಿಸಿದರೆ ಹತ್ತರಷ್ಟಾಯಿತು. ಅಂಗಡಿಯವನ ಕೈಯಲ್ಲೇ ಡ್ರಾಪರಿನ ಮೇಲೆ ಪೆನ್ನಿನಿಂದ ಗುರುತು ಹಾಕಿಸಿಕೊಳ್ಳಿ. ಈ ಸಿರಪ್ಪನ್ನು ಟೀಗೆ, ಕೋಲಾಕ್ಕೆ ಬೆರೆಸಬೇಡಿ, ಅವುಗಳ ಜೊತೆ ಅದು ಹೊಂದುವುದಿಲ್ಲ. ನೀರು ಸಾಕು. ಮಗುವಿಗೆ ತುಂಬ ಇಷ್ಟವಾದ ಮೊಸರನ್ನದಲ್ಲಿ ಕದ್ದು ಕಲಸುವುದೂ ಬೇಡ. ಈ ಮಕ್ಕಳು ತಿನ್ನುವುದೇ ಎರಡು ಮೂರು ಪದಾರ್ಥ. ಒಮ್ಮೆ ಕಹಿ ಗೊತ್ತಾದರೆ ಆ ಅನ್ನವನ್ನೂ ಬಿಟ್ಟುಬಿಟ್ಟಾವು. ಹದಿಹರೆಯದವರಿಗೆ ಎದುರಿಗೇ ಹೇಳಿ ಕೊಡಿ, ಮಾತಾಡದಿದ್ದರೂ ಅವರಿಗೆ ಅರ್ಥವಾಗುತ್ತದೆ.

ಮೊದಲ ವಾರ ಮಂಪರು, ಜೊಲ್ಲು, ಮಲಬದ್ಧತೆ ಕಾಣಬಹುದು. ಕತ್ತು ಒಂದು ಕಡೆ ತಿರುಚಿಕೊಂಡು, ಕಣ್ಣು ಮೇಲಕ್ಕೆ ಸಿಕ್ಕಿಕೊಂಡು, ನಾಲಿಗೆ ಹೊರಗೆ ಚಾಚಿದರೆ ಗಾಳಿ ಸೋಕಿತೆಂದು ತಾಯತ ಕಟ್ಟಿಸಲು ಓಡಬೇಡಿ. ಅದು ಔಷಧಿಯ ಅಡ್ಡಪರಿಣಾಮ. ಆಸ್ಪತ್ರೆಯಲ್ಲಿ ಒಂದು ಇಂಜೆಕ್ಷನ್ನಿಗೆ ಸಾಮಾನ್ಯವಾಗಿ ಬೇಗ ಇಳಿಯುತ್ತದೆ. ಹೋಗುವಾಗ ಮಾತ್ರೆಯ ಸ್ಟ್ರಿಪ್ ಕೈಯಲ್ಲಿರಲಿ. ಜ್ವರ ಏರಿ ಮೈ ಕೊರಡಿನಂತೆ ಬಿಗಿದರೆ ತಡಮಾಡಲೇಬೇಡಿ. ತಿಂಗಳು ಕಳೆದ ಮೇಲೆ ನೋಡಬೇಕಾದದ್ದು ಹಸಿವು. ಪಾತ್ರೆಯ ತಳ ಕೆರೆದು ಮತ್ತೆ ಕೇಳುವ ಮಗುವಿಗೆ ಬಿಸ್ಕೆಟ್ ಕೊಟ್ಟು ಸುಮ್ಮನಾಗಿಸಬೇಡಿ. ತಿಂಗಳಿಗೊಮ್ಮೆ ತೂಕ ಬರೆದಿಡಿ. ಸಕ್ಕರೆ ಮತ್ತು ಕೊಬ್ಬಿನ ರಕ್ತಪರೀಕ್ಷೆ ಯಾವಾಗ ಎಂದು ಡಾಕ್ಟರಿಗೆ ನೀವೇ ನೆನಪಿಸಿ. ಹುಡುಗನಿಗೆ ಎದೆ ಊದಿದರೆ, ಹುಡುಗಿಗೆ ಮುಟ್ಟು ನಿಂತರೆ, ಬಾಯಿ ನಾಲಿಗೆ ತಾವಾಗಿಯೇ ಆಡುತ್ತಿದ್ದರೆ ನಾಚಿಕೆ ಬಿಟ್ಟು ಹೇಳಿ.

ಬೇರೆ ಮಾತ್ರೆಗಳ ವಿಷಯ ಚುಟುಕಾಗಿ. ಒಂದು ಕಡೆ ಕೂರದ ಮಗುವಿಗೆ ಮಿಥೈಲ್‌ಫೆನಿಡೇಟ್ ಬರೆಯುತ್ತಾರೆ. 72 ಮಕ್ಕಳ ಅಧ್ಯಯನದಲ್ಲಿ ಸುಮಾರು ಅರ್ಧದಷ್ಟು ಮಕ್ಕಳಿಗೆ ಒಳ್ಳೆಯದಾಯಿತು, ಶೇ 18 ಮಕ್ಕಳು ಅಡ್ಡಪರಿಣಾಮ ತಾಳದೆ ಬಿಟ್ಟರು. ಅದು ಷೆಡ್ಯೂಲ್ ಎಕ್ಸ್ ಔಷಧಿ, ಚೀಟಿ ಎರಡು ಪ್ರತಿ ಬೇಕು, ಒಂದನ್ನು ನಾವು ಇಟ್ಟುಕೊಳ್ಳಲೇಬೇಕು. ಕೇಳಿದರೆ ಸಿಟ್ಟಾಗಬೇಡಿ. ಕೈ ಆಡಿಸುವುದು, ಒಂದೇ ಆಟ ಮತ್ತೆ ಮತ್ತೆ ಆಡುವುದನ್ನು ನಿಲ್ಲಿಸಲು ಸಿಟಾಲೋಪ್ರಾಮ್ ಕೊಟ್ಟು 149 ಮಕ್ಕಳಲ್ಲಿ ನೋಡಿದರು. 2009ರ ಆ ಫಲಿತಾಂಶದಲ್ಲಿ ಔಷಧಿಗೂ ಔಷಧಿಯಿಲ್ಲದ ಬರೀ ಮಾತ್ರೆಗೂ ವ್ಯತ್ಯಾಸವೇ ಕಾಣಲಿಲ್ಲ. ಯಾರಿಗೂ ನೋಯಿಸದ ಕೈ ಆಡಿಸುವಿಕೆಗೆ ಮದ್ದು ಯಾಕೆ? ಹಾಗೇ ಬಿಡಿ. ಇನ್ನು "ಮೈಯೊಳಗಿನ ಸೀಸ, ಪಾದರಸ ತೆಗೆಯುತ್ತೇವೆ" ಎನ್ನುವ ಕೀಲೇಶನ್‌ನ ಹತ್ತಿರ ಹೋಗಬೇಡಿ. 2005ರಲ್ಲಿ ಅಮೆರಿಕದಲ್ಲಿ ಐದು ವರ್ಷದ ಹುಡುಗನೊಬ್ಬ ಅದರಿಂದಲೇ ತೀರಿಕೊಂಡ.

ಮನೆಯಲ್ಲಿ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್ ಇರುತ್ತದಲ್ಲ, ಅದರಲ್ಲೇ ದಿನಕ್ಕೆ ಒಂದು ಸಾಲು ಬರೆಯಿರಿ: ಎಷ್ಟು ಸಲ ಕಚ್ಚಿದ, ಯಾವ ಹೊತ್ತಿಗೆ, ಅದಕ್ಕೆ ಮುಂಚೆ ಏನಾಗಿತ್ತು, ಎಷ್ಟು ಗಂಟೆ ಮಲಗಿದ. ಮಾತ್ರೆಗೆ ಮುಂಚಿನ ಎರಡು ವಾರವೂ ಅದರಲ್ಲಿರಲಿ. ಬರೆಯುತ್ತಾ ಹೋದರೆ ರಂಪಕ್ಕೆ ಮುಂಚೆ ಏನು ನಡೆಯುತ್ತದೆ ಎಂದು ನಿಮಗೇ ಹೊಳೆಯುತ್ತದೆ. 124 ಮಕ್ಕಳ ಮೇಲೆ ನಡೆದ 2009ರ ಇನ್ನೊಂದು ಅಧ್ಯಯನದಲ್ಲೂ ಅಪ್ಪ ಅಮ್ಮನ ಪಾಲು ದೊಡ್ಡದೆಂದು ಕಂಡಿತು: ರಿಸ್ಪೆರಿಡೋನಿನ ಜೊತೆಗೆ ಅಪ್ಪ ಅಮ್ಮನಿಗೂ ತರಬೇತಿ ಸಿಕ್ಕ ಮಕ್ಕಳು, ರಿಸ್ಪೆರಿಡೋನ್ ಒಂದನ್ನೇ ತೆಗೆದುಕೊಂಡವರಿಗಿಂತ ಹೆಚ್ಚು ಸುಧಾರಿಸಿದರು, ಅದೂ ಕಡಿಮೆ ಡೋಸಿನಲ್ಲಿ.

ಚೆನ್ನಾಗಿದ್ದಾನೆ ಎಂದು ನೀವಾಗಿಯೇ ನಿಲ್ಲಿಸಬೇಡಿ. ಆರು ತಿಂಗಳು ರಿಸ್ಪೆರಿಡೋನ್ ಕೊಟ್ಟು ಸುಧಾರಿಸಿದ ಮಕ್ಕಳಲ್ಲಿ ಅದನ್ನು ಮೆಲ್ಲಗೆ ಇಳಿಸಿ ತೆಗೆದಾಗಲೂ 16ರಲ್ಲಿ 10 ಮಕ್ಕಳಿಗೆ ಹಳೆಯ ತೊಂದರೆ ಮರಳಿತು; ಮುಂದುವರಿಸಿದ 16ರಲ್ಲಿ ಇಬ್ಬರಿಗೆ ಮಾತ್ರ. ಹಾಗೆಂದು ಹಳೇ ಚೀಟಿ ತೋರಿಸಿ ವರ್ಷಗಟ್ಟಲೆ ಅದೇ ಮಾತ್ರೆ ಕೊಳ್ಳುವುದೂ ತಪ್ಪು. ಆರು ತಿಂಗಳಿಗೊಮ್ಮೆಯಾದರೂ "ಇಳಿಸಿ ನೋಡೋಣವೇ" ಎಂಬ ಮಾತು ಡಾಕ್ಟರ ಕೋಣೆಯಲ್ಲಿ ಆಗಲಿ.

ಕಾಸಿನ ಚಿಂತೆಯಿದ್ದರೆ ಜನೌಷಧಿ ಅಂಗಡಿಯಲ್ಲಿ ವಿಚಾರಿಸಿ. ನ್ಯಾಷನಲ್ ಟ್ರಸ್ಟ್‌ನ ನಿರಾಮಯ ವಿಮೆ ಆಟಿಸಂ ಇರುವವರಿಗೆ ಒಂದು ಲಕ್ಷ ರೂಪಾಯಿವರೆಗೆ ಸಿಗುತ್ತದೆ. ಊರಲ್ಲಿ ಮಕ್ಕಳ ಮನೋವೈದ್ಯರಿಲ್ಲದಿದ್ದರೆ ಟೆಲಿ ಮಾನಸ್ ಸಹಾಯವಾಣಿಯ 14416ಕ್ಕೆ ಫೋನ್ ಮಾಡಿ, ಹಗಲು ರಾತ್ರಿ ಉಚಿತವಾಗಿ ಕನ್ನಡದಲ್ಲೇ ಮಾತಾಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೇ ಬೇರೆ ವಿಭಾಗವಿದೆ.

ನೆಂಟರು "ಮಗೂಗೆ ಮಾತ್ರೆ ಕೊಟ್ಟು ಮಲಗಿಸ್ತೀರಾ" ಅಂದಾರು. ಮಗು ದಿನವಿಡೀ ತೂಕಡಿಸುತ್ತಿದ್ದರೆ ಅವರ ಮಾತಿನಲ್ಲೂ ಹುರುಳಿದೆ, ಡೋಸ್ ಬದಲಾಗಬೇಕು. ಮಗು ಎಚ್ಚರವಾಗಿದ್ದು, ಶಾಲೆಗೆ ಹೋಗಿ, ಕೈ ಕಚ್ಚಿಕೊಳ್ಳದೆ ಊಟ ಮಾಡುತ್ತಿದ್ದರೆ ನೀವು ಯಾರಿಗೂ ಉತ್ತರ ಕೊಡಬೇಕಿಲ್ಲ. ಮುಂದಿನ ಸಲ ಕ್ಯಾಲೆಂಡರ್ ಹಿಡಿದು ಹೋಗಿ ಮೂರು ಪ್ರಶ್ನೆ ಕೇಳಿ: ಇದು ಯಾವ ತೊಂದರೆಗೆ, ಎಷ್ಟು ದಿನದಲ್ಲಿ ಫಲ ಕಾಣಬೇಕು, ಯಾವಾಗ ಇಳಿಸಿ ನೋಡೋಣ? ಉತ್ತರಕ್ಕೆ ಡಾಕ್ಟರಿಗೆ ಐದು ನಿಮಿಷ ಸಾಕು. ಕೇಳಲು ನಿಮಗೆ ಸಂಕೋಚ ಬೇಡ.