ಕುದುರೆಯ ಹೊಟ್ಟೆಶೂಲೆ: ಸೂಜಿಮದ್ದು ಕೊಟ್ಟ ಹೊತ್ತು ಬರೆದಿಡಿ

ತೊಗರಿ, ಜೋಳದ ರಾಶಿ ಮುಗಿದ ಮೇಲೆ ಅತನೂರ ಹಾಗೂ ಅಫಜಲಪುರ ಕಡೆಯ ಹೊಲಗಳಲ್ಲಿ ಕುರಿಗಾರರು ಮಂದೆ ನಿಲ್ಲಿಸುವುದುಂಟು. ಅವರ ಜೊತೆ ಬರುವ ಗಿಡ್ಡ ಕುದುರೆಯನ್ನು ಮಕ್ಕಳೆಲ್ಲ ನಿಂತು ನೋಡುತ್ತಾರೆ. ಕಂಬಳಿ, ಪಾತ್ರೆ, ಆಗಷ್ಟೇ ಹುಟ್ಟಿದ ಮರಿಗಳು, ಹೀಗೆ ಇಡೀ ಸಂಸಾರವೇ ಅದರ ಬೆನ್ನ ಮೇಲೆ. ಒಂದು ಕಾಲಕ್ಕೆ ಮರಾಠಾ ದಂಡಿನಲ್ಲಿ ಹೆಸರು ಮಾಡಿದ್ದ ಭೀಮಥಡಿ ಕುದುರೆಗೆ ಆ ಹೆಸರು ಬಂದಿದ್ದು ಇದೇ ಭೀಮಾ ನದಿಯ ದಡದಿಂದ.

ಇಂಥ ಕುದುರೆ ಒಂದು ದಿನ ಮೇವು ಬಿಟ್ಟು, ಮುಂಗಾಲಿನಿಂದ ನೆಲ ಕೆರೆಯುತ್ತ, ತಿರುತಿರುಗಿ ತನ್ನ ಪಕ್ಕೆಯನ್ನೇ ನೋಡತೊಡಗಿದರೆ ಅದಕ್ಕೆ ಹೊಟ್ಟೆಶೂಲೆ ಬಂದಿದೆ ಎಂದು ತಿಳಿಯಬೇಕು. ನೋವು ಹೆಚ್ಚಾದಂತೆ ಅದು ಮೈಯೆಲ್ಲ ಬೆವರಿ ನೆಲಕ್ಕೆ ಬಿದ್ದು ಹೊರಳಾಡುತ್ತದೆ. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ಆದ್ದರಿಂದ ಹೊಟ್ಟೆಯಲ್ಲಿ ತುಂಬಿದ ನೀರು, ಗಾಳಿ ಹೊರಗೆ ಹೋಗಲು ಮೇಲಿನ ದಾರಿಯಿಲ್ಲ. ಶೂಲೆಯನ್ನು ತುರ್ತು ಕಾಯಿಲೆ ಎನ್ನುವುದಕ್ಕೆ ಇದೂ ಒಂದು ಕಾರಣ.

ಶೂಲೆ ಒಂದೇ ಬಗೆಯದಲ್ಲ

ಕರುಳು ಸೆಟೆದು ಹಿಡಿದುಕೊಳ್ಳುವುದು ಒಂದು ಬಗೆ. ಇದು ಹೆಚ್ಚಾಗಿ ಮದ್ದಿಗೆ ಬಗ್ಗುತ್ತದೆ. ಬೇಸಿಗೆಯಲ್ಲಿ ನೀರು ಕಡಿಮೆಯಾಗಿ, ಒಣ ಕಣಕಿ, ಹೊಟ್ಟು ತಿಂದು ಲದ್ದಿ ಗಟ್ಟಿಯಾಗಿ ಕರುಳಿನಲ್ಲಿ ಕಟ್ಟಿಕೊಳ್ಳುವುದು ಎರಡನೆಯದು. ಮೇವಿನ ಜೊತೆ ಹೋದ ಮಣ್ಣು, ಉಸುಕು ಕೂಡ ಹೀಗೆ ಮಾಡಬಲ್ಲದು. ಕರುಳು ಜಾಗ ತಪ್ಪುವುದು ಅಥವಾ ಹಗ್ಗದಂತೆ ಹೊರಳಿಕೊಳ್ಳುವುದು ಮೂರನೆಯದು. ಹೊರಳಿದ ಕರುಳಿಗೆ ರಕ್ತ ಹರಿಯುವುದು ನಿಂತು ಕೆಲವೇ ಗಂಟೆಗಳಲ್ಲಿ ಅದು ಕೊಳೆಯಲು ಆರಂಭಿಸುತ್ತದೆ. ಇದಕ್ಕೆ ಶಸ್ತ್ರಚಿಕಿತ್ಸೆ ಬಿಟ್ಟು ಬೇರೆ ಉಪಾಯವಿಲ್ಲ.

ಮೊದಲ ಹಂತದಲ್ಲಿ ಮೂರೂ ಹೊರಗಿನಿಂದ ಒಂದೇ ರೀತಿ ಕಾಣಬಹುದು. ಯಾವ ಬಗೆಯದು ಎಂದು ಬೇಗ ತಿಳಿದಷ್ಟೂ ಪ್ರಾಣಿ ಉಳಿಯುವ ಸಾಧ್ಯತೆ ಹೆಚ್ಚು. ಇಲ್ಲಿಯೇ ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ನೆರವಿಗೆ ಬರುತ್ತದೆ.

ಸ್ಕ್ಯಾನಿಂಗ್‌ನಲ್ಲಿ ಏನು ಕಾಣುತ್ತದೆ?

ಬಸುರಿ ಹೆಂಗಸರ ಹೊಟ್ಟೆಯ ಮೇಲೆ ಇಟ್ಟು ನೋಡುವಂಥದೇ ಯಂತ್ರ ಇದು. ಕುದುರೆಯ ಕೂದಲಿಗೆ ಸ್ಪಿರಿಟ್ ಸವರಿ ತೋಯಿಸಿ ನೋಡುತ್ತಾರೆ. 2011ರಲ್ಲಿ ಬೆಲ್ಜಿಯಂ ದೇಶದ ಪಶುವೈದ್ಯರು, ತುರ್ತು ಹೊತ್ತಿನಲ್ಲಿ ಹೊಟ್ಟೆಯ 7 ಜಾಗಗಳನ್ನಷ್ಟೇ ಬೇಗ ಬೇಗ ನೋಡಿ ತೀರ್ಮಾನಕ್ಕೆ ಬರುವ ಕ್ರಮವೊಂದನ್ನು ಪ್ರಕಟಿಸಿದರು. ಈಗ ಅನೇಕ ಆಸ್ಪತ್ರೆಗಳಲ್ಲಿ ಅದೇ ಬಳಕೆಯಲ್ಲಿದೆ.

ವೈದ್ಯರು ಮುಖ್ಯವಾಗಿ ನಾಲ್ಕು ಸಂಗತಿ ಗಮನಿಸುತ್ತಾರೆ: ಕರುಳು ಎಷ್ಟು ಉಬ್ಬಿದೆ, ಅದರ ಗೋಡೆ ಎಷ್ಟು ದಪ್ಪಗಿದೆ, ಅದರ ಸುತ್ತ ನೀರು ಸೇರಿದೆಯೆ, ಕರುಳು ಅಲುಗುತ್ತಿದೆಯೆ. ಆರೋಗ್ಯವಂತ ಕುದುರೆಯ ಸಣ್ಣಕರುಳಿನ ಗೋಡೆ ಸುಮಾರು 3 ಮಿಲಿಮೀಟರ್ ಮೀರುವುದಿಲ್ಲ. ಅದು ಅಲೆಯಂತೆ ಸಂಕುಚಿಸುತ್ತ, ಹಿಗ್ಗುತ್ತ ಇರುತ್ತದೆ. ಸಣ್ಣಕರುಳು ಉಬ್ಬಿ, ಅಲುಗದೆ ಬಿದ್ದಿದ್ದರೆ ಅದು ಹೊರಳಿರಬಹುದು ಎಂಬ ಅನುಮಾನ ಬಲವಾಗುತ್ತದೆ.

ಮದ್ದು ಕರುಳನ್ನು ಮಲಗಿಸುತ್ತದೆ

ಈಗ ಮುಖ್ಯ ವಿಷಯಕ್ಕೆ ಬರೋಣ. ಶೂಲೆ ಬಂದ ಕುದುರೆಗೆ ಕೊಡುವ ಸೂಜಿಮದ್ದುಗಳಲ್ಲಿ ಹಯೋಸಿನ್ ಬ್ಯುಟೈಲ್‌ಬ್ರೋಮೈಡ್ ಒಂದು. ಬಸ್ಕೋಪಾನ್ ಎಂಬ ಹೆಸರಿನಲ್ಲಿ ಮನುಷ್ಯರಿಗೂ ಕೊಡುವ ಮದ್ದು ಇದೇ. ಕರುಳಿನ ಸ್ನಾಯು ಸೆಟೆಯಲು ನರಗಳು ಕಳಿಸುವ ಸೂಚನೆಯನ್ನು ಇದು ತಡೆಯುತ್ತದೆ. ಸ್ನಾಯು ಸಡಿಲಗೊಂಡು ನೋವು ಇಳಿಯುತ್ತದೆ.

ಆದರೆ ಮದ್ದಿಗೆ ಕೆಟ್ಟ ಸೆಳೆತ ಯಾವುದು, ಸಹಜ ಚಲನೆ ಯಾವುದು ಎಂಬ ಭೇದ ಗೊತ್ತಿಲ್ಲ. ಅದು ಎರಡನ್ನೂ ನಿಲ್ಲಿಸುತ್ತದೆ. ಸೂಜಿ ಹಾಕಿದ ಸ್ವಲ್ಪ ಹೊತ್ತಿನಲ್ಲೇ ಆರೋಗ್ಯವಂತ ಕುದುರೆಯ ಕರುಳೂ ಸ್ಕ್ಯಾನಿಂಗ್‌ನಲ್ಲಿ ಮಂದವಾಗಿ, ಕೆಲವೊಮ್ಮೆ ಪೂರ್ತಿ ಸುಮ್ಮನಾಗಿ ಕಾಣುತ್ತದೆ. ಪಕ್ಕೆಗೆ ಕಿವಿಯಿಟ್ಟರೆ ಕೇಳಬೇಕಾದ ಗುಡುಗುಡು ಸದ್ದೂ ಕಡಿಮೆಯಾಗುತ್ತದೆ. ಇದಕ್ಕೆ ವಿರುದ್ಧವಾಗಿ ಎದೆಬಡಿತ ಏರುತ್ತದೆ. ಸುಮ್ಮನೆ ನಿಂತ ಕುದುರೆಯ ಎದೆ ನಿಮಿಷಕ್ಕೆ 28ರಿಂದ 44 ಸಲ ಬಡಿಯುತ್ತದೆ. ಶೂಲೆಯಲ್ಲಿ ಅದು 60 ದಾಟಿದರೆ ವೈದ್ಯರು ಅಪಾಯದ ಗುರುತೆಂದು ನೋಡುತ್ತಾರೆ. ಬರಿಯ ಮದ್ದಿನಿಂದಲೂ ಅದು ಏರಬಹುದಾದ್ದರಿಂದ, ಸೂಜಿ ಹಾಕಿದ ಮೇಲಿನ 30 ನಿಮಿಷ ಎದೆಬಡಿತ ನೋಡಿ ನೋವನ್ನು ಅಳೆಯಬಾರದು. 2004ರಲ್ಲಿ ಅಮೆರಿಕದಲ್ಲಿ ಕುದುರೆಗಳಿಗೆಂದು ಒಪ್ಪಿಗೆ ಪಡೆದ ಈ ಮದ್ದಿನ ವಿವರಣೆಯಲ್ಲೂ ಈ ಎಚ್ಚರಿಕೆ ಇದೆ.

ಹಾಗಾಗಿ ಮದ್ದಿನ ಸಂಗತಿ ತಿಳಿಯದ ವೈದ್ಯರ ಮುಂದೆ ಮೂರು ಸುಳ್ಳು ಸಾಕ್ಷಿಗಳು ನಿಲ್ಲುತ್ತವೆ: ಅಲುಗದ ಕರುಳು, ಕೇಳದ ಸದ್ದು, ಏರಿದ ಎದೆಬಡಿತ. ಮದ್ದಿಗೇ ವಾಸಿಯಾಗುವ ಕುದುರೆಯನ್ನು ಸಾಲ ಮಾಡಿ, ಲಾರಿ ಹತ್ತಿಸಿ ದೂರದ ಊರಿಗೆ ಒಯ್ಯುವಂತಾದೀತು. ತದ್ವಿರುದ್ಧವಾಗಿ, ಕರುಳು ನಿಜಕ್ಕೂ ಹೊರಳಿರುವಾಗ 'ಇದೆಲ್ಲ ಮದ್ದಿನ ಗುಣ' ಎಂದು ಸುಮ್ಮನಿದ್ದು ಹೊತ್ತು ಕಳೆದುಹೋದೀತು.

ಮದ್ದು ಮರೆಮಾಡದ ಗುರುತುಗಳು

ಒಂದು ಸಮಾಧಾನವಿದೆ. ಮದ್ದು ಬದಲಿಸುವುದು ಚಲನೆಯನ್ನು ಮಾತ್ರ. ಕರುಳಿನ ಗೋಡೆ ಅದರಿಂದ ದಪ್ಪವಾಗುವುದಿಲ್ಲ. ಹೊಟ್ಟೆಯೊಳಗೆ ನೀರು ಸೇರುವುದಿಲ್ಲ. ದೊಡ್ಡಕರುಳು ಜಾಗ ಬಿಟ್ಟು ಹೋಗುವುದಿಲ್ಲ. ದೊಡ್ಡಕರುಳಿನ ಗೋಡೆ 9 ಮಿಲಿಮೀಟರ್ ಅಥವಾ ಹೆಚ್ಚು ದಪ್ಪವಾಗಿ ಕಂಡರೆ, ಸೂಜಿ ಹಾಕಿದ್ದರೂ ಹಾಕದಿದ್ದರೂ, ಅದು ಹೊರಳಿರುವುದರ ಗಂಭೀರ ಸೂಚನೆ. ಅನುಭವಿ ವೈದ್ಯರು ಇಂಥ ಗುರುತುಗಳನ್ನು ನೆಚ್ಚಿಕೊಂಡು, ಚಲನೆಯ ವಿಷಯವನ್ನು ಮದ್ದು ಇಳಿದ ಮೇಲೆ ಮತ್ತೊಮ್ಮೆ ನೋಡುತ್ತಾರೆ. ಸಾಧ್ಯವಿದ್ದಲ್ಲಿ ಸೂಜಿಗೆ ಮುಂಚೆಯೇ ಒಮ್ಮೆ ಸ್ಕ್ಯಾನಿಂಗ್ ಮಾಡುತ್ತಾರೆ. ಆದರೆ ಸ್ಕ್ಯಾನಿಂಗ್ ಆಗಲಿ ಎಂದು ಒದ್ದಾಡುವ ಪ್ರಾಣಿಗೆ ಮದ್ದು ಕೊಡದೆ ಕಾಯಿಸುವುದು ಸರಿಯಲ್ಲ. ನೋವು ಇಳಿಸುವುದೇ ಮೊದಲ ಕೆಲಸ.

ಇನ್ನೊಂದು ಗುರುತನ್ನು ಮನೆಯವರೇ ಗಮನಿಸಬಹುದು. ಬರಿಯ ಸೆಳೆತವಾಗಿದ್ದರೆ ಸಾಮಾನ್ಯವಾಗಿ ಒಂದು ಸೂಜಿಗೆ ನೋವು ಇಳಿದು ಕುದುರೆ ಮೇವಿನ ಕಡೆ ಮುಖ ಮಾಡುತ್ತದೆ. ನೋವು ಇಳಿಯದಿದ್ದರೆ, ಅಥವಾ ಒಂದೆರಡು ಗಂಟೆಯಲ್ಲೇ ಮರುಕಳಿಸಿದರೆ ಒಳಗೆ ಬೇರೇನೋ ಇದೆ ಎಂದೇ ತಿಳಿಯಬೇಕು. ಆಗ ಮತ್ತೊಂದು ಸೂಜಿ ಹಾಕಿಸಿ ಬೆಳಗಾಗಲಿ ಎಂದು ಕೂರಬಾರದು.

ಮನೆಯವರು ಮಾಡಬೇಕಾದ್ದು

1. ಪಶುವೈದ್ಯರಿಗೆ ಕೂಡಲೇ ತಿಳಿಸಿ. ಹತ್ತಿರದ ಆಸ್ಪತ್ರೆ ಸಿಗದಿದ್ದರೆ 1962 ಸಂಖ್ಯೆಗೆ ಫೋನ್ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನದ ನೆರವು ಕೇಳಬಹುದು.

2. ಮೇವು, ಕಾಳು ನಿಲ್ಲಿಸಿ. ಹೊರಳಾಡಿ ಗಾಯ ಮಾಡಿಕೊಳ್ಳುವಂತಿದ್ದರೆ ಮೆಲ್ಲಗೆ ನಡೆಸಿ. ಸುಸ್ತಾಗುವಷ್ಟು ಓಡಿಸಬೇಡಿ.

3. ಗೊಟ್ಟದಲ್ಲಿ ಎಣ್ಣೆ, ಕಷಾಯ ಸುರಿಯಬೇಡಿ. ಅದು ಶ್ವಾಸಕೋಶಕ್ಕೆ ಇಳಿದರೆ ಶೂಲೆಗಿಂತ ದೊಡ್ಡ ಗಂಡಾಂತರ.

4. ಯಾವ ಮದ್ದು, ಎಷ್ಟು, ಎಷ್ಟು ಗಂಟೆಗೆ ಕೊಟ್ಟರು ಎಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಖಾಲಿ ಸೀಸೆಯನ್ನೂ ಇಟ್ಟುಕೊಳ್ಳಿ. ಬೀದರಿನ ಪಶುವೈದ್ಯಕೀಯ ಕಾಲೇಜಿಗೆ ಹೋದರೂ, ಬೇರೆಲ್ಲಿಗೆ ಹೋದರೂ ಮೊದಲು ಆ ಚೀಟಿ ತೋರಿಸಿ.

5. ಕಡೆಯ ಸಲ ಲದ್ದಿ ಹಾಕಿದ್ದು, ನೀರು ಕುಡಿದದ್ದು ಯಾವಾಗ ಎಂಬುದನ್ನೂ ಹೇಳಿ.

ಈ ಮಾತು ಕುದುರೆಗೆ ಮಾತ್ರವಲ್ಲ, ಮನೆಯ ಜನರಿಗೂ ಸಲ್ಲುತ್ತದೆ. ಕರುಳು ಅಲುಗದಿರಲಿ ಎಂದೇ ದೊಡ್ಡ ಆಸ್ಪತ್ರೆಗಳಲ್ಲಿ ಕೆಲವು ಪರೀಕ್ಷೆಗಳಿಗೆ ಮುಂಚೆ ಇದೇ ಸೂಜಿ ಹಾಕುವುದುಂಟು. ಮಗುವಿಗೆ ಹೊಟ್ಟೆನೋವೆಂದು ಊರಿನಲ್ಲಿ ಒಂದು ಸೂಜಿ ಹಾಕಿಸಿ, ಸಂಜೆ ಕಲಬುರಗಿಗೆ ಕರೆದೊಯ್ದು, ಬೈದಾರು ಎಂಬ ಅಂಜಿಕೆಯಿಂದ ಸೂಜಿಯ ಮಾತನ್ನೇ ಮುಚ್ಚಿಡುವ ತಂದೆತಾಯಿಗಳಿದ್ದಾರೆ. ಹಾಗೆ ಮಾಡಬೇಡಿ. ಮಗು ನೋವು ಎಲ್ಲಿದೆ ಎಂದಾದರೂ ತೋರಿಸೀತು. ಕುದುರೆಗೆ ಆ ಬಾಯಿಯೂ ಇಲ್ಲ. ಅದರ ಪರವಾಗಿ ಮಾತನಾಡಬೇಕಾದದ್ದು ನಿಮ್ಮ ಕೈಯಲ್ಲಿರುವ ಆ ಚೀಟಿ.